ಸಾಕ್ಷಿ ನಂಬರ್ ಮೂರು

ಒಬ್ಬ ಮನುಷ್ಯನ ಮೇಲೆ ಕೇಸು ಇದೆಯೋ ಇಲ್ಲವೋ ಎಂದು ಹುಡುಕಿಕೊಡುವುದು ನನ್ನ ಕಸುಬಿನ ಒಂದು ಭಾಗ. ಹರಿಹರದಲ್ಲಿ ಪೊಲೀಸ್ ಠಾಣೆಯೊಂದರ ಎದುರಿಗೆ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಮನೆ ಬಾಡಿಗೆಗೆ ಕೊಡುವವರು, ಡ್ರೈವರ್ ಇಟ್ಟುಕೊಳ್ಳುವವರು, ಹೆಣ್ಣು ಕೊಡುವವರು ಬಂದು ಒಂದು ಹೆಸರು ಹೇಳುತ್ತಾರೆ. ನಾನು ಕೋರ್ಟುಗಳ ವೆಬ್‌ಸೈಟ್ ತೆರೆದು, ಜಿಲ್ಲೆ ದಾವಣಗೆರೆ ಎಂದು ಒತ್ತಿ, ದಾವಣಗೆರೆಯದೋ ಹರಿಹರದ್ದೋ ಕೋರ್ಟು ಆರಿಸಿ, ಹೆಸರು ಹೊಡೆದು, ವರ್ಷ ಹಾಕುತ್ತೇನೆ. ವರ್ಷ ಹಾಕದೆ ಅದು ಬಾಯಿ ಬಿಡುವುದಿಲ್ಲ. ಬಂದವರಿಗೆ ವರ್ಷ ಗೊತ್ತಿರುವುದಿಲ್ಲ. "ಎಲ್ಲಾ ವರ್ಷದ್ದೂ ನೋಡ್ರಿ ಅತ್ಲಾಗೆ" ಅನ್ನುತ್ತಾರೆ, ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ. ನನಗೆ ಸಿಟ್ಟು ಬರುತ್ತದೆ. ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಬೈದ ಮೇಲೆ ಒಂದೊಂದೇ ವರ್ಷ ಹಾಕಿ ನೋಡುತ್ತೇನೆ.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ನಮ್ಮಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿ ಏನೂ ಬರಲಿಲ್ಲ. ಅವನು ಎತ್ತಿಗೆ ಹೊಡೆಯುತ್ತಿದ್ದ ಬಾರುಕೋಲಿನಲ್ಲೇ ನಮಗೂ ಹೊಡೆಯುತ್ತಿದ್ದ. ಕಾಗದ ಸಿಕ್ಕಿಕೊಂಡಿತೆಂದು ಜೆರಾಕ್ಸ್ ಮಶೀನಿಗೆ ಒದ್ದು ಗಾಜು ಒಡೆದವನು ನಾನು. ಸಾಲು ಬಿಟ್ಟು ಮುಂದೆ ನುಗ್ಗಿದವನ ಕಪಾಳಕ್ಕೆ ಬಾರಿಸಿ, ಆಮೇಲೆ ಅವನಿಗೇ ಟೀ ಕುಡಿಸಿ ಕಳಿಸಿದ್ದೇನೆ. ಹೆಂಡತಿ ಮೇಲೆ ಮಾತ್ರ ಒಂದು ದಿನವೂ ಕೈ ಮಾಡಿಲ್ಲ. ಅದೇ ಒಂದು ದೊಡ್ಡಸ್ತಿಕೆ ಎಂಬಂತೆ ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಠಾಣೆ ಎದುರಿಗೆ ಅಂಗಡಿ ಇಟ್ಟವರಿಗೆ ಇನ್ನೊಂದು ಕೆಲಸ ತಾನಾಗಿ ಅಂಟಿಕೊಳ್ಳುತ್ತದೆ. ಎಲ್ಲಾದರೂ ಹೊಡೆದಾಟವಾದರೆ ಪೊಲೀಸರು ಆ ಜಾಗಕ್ಕೆ ಹೋಗಿ ಕಂಡದ್ದನ್ನು ಬರೆದುಕೊಳ್ಳಬೇಕು, ಸಿಕ್ಕಿದ ಕತ್ತಿ ಕೋಲುಗಳನ್ನು ವಶಕ್ಕೆ ತೆಗೆದುಕೊಳ್ಳಬೇಕು. ಅದಕ್ಕೆ ಮಹಜರು ಅನ್ನುತ್ತಾರೆ. ಊರಿನ ಇಬ್ಬರು ಜೊತೆಗೆ ನಿಂತು, ಕಣ್ಣಾರೆ ಕಂಡು, ಆ ಹಾಳೆಯ ಕೆಳಗೆ ಸಹಿ ಹಾಕಬೇಕು. ಅವರು ಪಂಚರು. ಕಾನೂನು ಹೇಳುವುದು ಹೀಗೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಬೇರೆ. ಒಬ್ಬ ಪೇದೆ ರಸ್ತೆ ದಾಟಿ ಬಂದು, "ಬರ್ರಿ ಅಣ್ಣಾರ, ಒಂದು ಸೈನ್ ಐತೆ" ಅನ್ನುತ್ತಿದ್ದ. ನಾನು ಒಬ್ಬ ಪಂಚ. ಪಕ್ಕದ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವ, ನಾವೆಲ್ಲ ಚಾಚಾ ಅನ್ನುವ ಹಿರಿಯರು ಇನ್ನೊಬ್ಬ ಪಂಚರು. ಠಾಣೆಯೊಳಗೆ ಬೆಂಚಿನ ಮೇಲೆ ಕೂತು, ಅವರು ಬರೆದಿಟ್ಟ ಹಾಳೆಗೆ ಸಹಿ ಹಾಕಿ, ತರಿಸಿಕೊಟ್ಟ ಟೀ ಕುಡಿದು ಎದ್ದು ಬರುತ್ತಿದ್ದೆವು. ಓದುತ್ತಿರಲಿಲ್ಲ. ಜಾಗಕ್ಕೆ ಹೋಗುವ ಮಾತೇ ಇಲ್ಲ. ಅಂಗಡಿ ಯಾರು ನೋಡಿಕೊಳ್ಳುತ್ತಾರೆ?

ಎರಡು ಮೂರು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸ್ ಬರುತ್ತಿತ್ತು. ಹೋಗಿ ಕಟಕಟೆ ಹತ್ತಿ, "ನಾನು ಸ್ಥಳಕ್ಕೆ ಹೋಗಿಲ್ಲ ಸ್ವಾಮಿ, ಠಾಣೆಯಲ್ಲಿ ಸಹಿ ಮಾಡಿದೆ, ಏನು ಬರೆದಿತ್ತೋ ಗೊತ್ತಿಲ್ಲ" ಎಂದು ಹೇಳುತ್ತಿದ್ದೆವು. ಸರ್ಕಾರಿ ವಕೀಲರು ಮುಖ ಗಂಟು ಹಾಕಿಕೊಂಡು, ಈ ಸಾಕ್ಷಿ ಹಾಸ್ಟೈಲ್ ಅನ್ನುತ್ತಿದ್ದರು. ಅಂದರೆ ತಿರುಗಿಬಿದ್ದ ಸಾಕ್ಷಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹೊರಗೆ ಬಂದು ಮಂಡಕ್ಕಿ ಮಿರ್ಚಿ ತಿಂದು ಅಂಗಡಿ ಬಾಗಿಲು ತೆಗೆಯುತ್ತಿದ್ದೆವು. ಹೀಗೆ ಎಷ್ಟು ಸಲ ಮಾಡಿದೆನೋ ನೆನಪಿಲ್ಲ. ಅದರಿಂದ ಯಾರಿಗೆ ಏನಾಯಿತು ಎಂದು ಕೇಳುವ ಬುದ್ಧಿಯೂ ಬರಲಿಲ್ಲ.

ಹೋದ ವರ್ಷ ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದಳು. ಅವಳಿಗೆ ಒಬ್ಬಳೇ ಮಗಳು. ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ವಯಸ್ಸು ಮೂವತ್ತೆರಡು. ಹಿಂದೊಂದು ಸಂಬಂಧ ಮದುವೆಗೆ ವಾರ ಇದ್ದಾಗ ಮುರಿದುಬಿದ್ದು, ಅಕ್ಕ ಅವತ್ತಿನಿಂದ ಸೋತುಹೋಗಿದ್ದಳು.

"ಲೇ, ಒಂದು ಗಂಡು ಬಂದೈತೆ. ಟಿಪ್ಪರ್ ಇಟ್ಟಾನೆ, ಸ್ವಂತ ಮನಿ ಐತೆ. ಮೊದಲ್ನೇದು ಮದುವಿ ಮುರಿದೈತಂತೆ, ಹೊಂದಾಣಿಕೆ ಆಗ್ಲಿಲ್ಲ ಅಂತಾರೆ. ಹರಿಹರದಾಗೇ ಇದ್ನಂತೆ ಆಗ. ನೀನು ಊರವರದ್ದೆಲ್ಲ ನೋಡಿಕೊಡ್ತೀಯಲ್ಲ, ಇವಂದೊಂದು ನೋಡಪ್ಪ."

ಆಮೇಲೆ ಮಗಳೇ ಫೋನ್ ಇಸಿದುಕೊಂಡಳು. "ಮಾಮ, ನೀನು ಹೂಂ ಅಂದ್ರೆ ನಾನೂ ಹೂಂ. ನೀನು ಬ್ಯಾಡ ಅಂದ್ರೆ ಇಲ್ಲಿಗೇ ಮುಗೀತು. ಬೇರೆ ಯಾರ ಮಾತೂ ನಾನು ಕೇಳಲ್ಲ."

ಎಂಥಾ ನಂಬಿಕೆ ನೋಡಿ! ಹುಟ್ಟಿದಾಗಿನಿಂದ ನನ್ನ ಹೆಗಲ ಮೇಲೆ ಬೆಳೆದ ಹುಡುಗಿ. ನಾನು ಕೂತು ಒಂದೊಂದೇ ವರ್ಷ ಹಾಕುತ್ತಾ ಬಂದೆ. ಏಳು ವರ್ಷದ ಹಿಂದಿನ ಒಂದು ಕೇಸು ಸಿಕ್ಕಿತು, ಹರಿಹರದ ಕೋರ್ಟಿನದು. ಹೆಂಡತಿಗೆ ಹಿಂಸೆ, ಆಯುಧದಿಂದ ಗಾಯ ಎಂದು ಕಲಮುಗಳಿದ್ದವು. ಕೆಳಗೆ ವಿಲೇವಾರಿ, ಖುಲಾಸೆ ಎಂದಿತ್ತು. ಅಂಗಡಿ ಮುಂದೆ ಆರೇಳು ಜನ ನಿಂತಿದ್ದರು, ಆಧಾರ್ ಕಾರ್ಡ್ ಹಿಡಿದು ಒಬ್ಬ ತಲೆ ತಿನ್ನುತ್ತಿದ್ದ. ಇಂಥ ಕೇಸುಗಳಲ್ಲಿ ಅರ್ಧ ಸುಳ್ಳು ಎಂದು ಎಲ್ಲರ ಹಾಗೆ ನಾನೂ ಮಾತಾಡುತ್ತಿದ್ದವನು. ಅಕ್ಕನಿಗೆ ಫೋನ್ ಮಾಡಿ, "ಒಂದು ಕೇಸಿತ್ತು, ಖುಲಾಸೆ ಆಗೈತೆ. ಹೆದರೋದೇನಿಲ್ಲ" ಅಂದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಕೋರ್ಟೇ ತಪ್ಪಿಲ್ಲ ಅಂದ ಮ್ಯಾಲೆ ಇನ್ನೇನೈತೆ?" ಎಂದು ಭಾವ ಖುಷಿಪಟ್ಟರಂತೆ. ಹದಿನೈದು ದಿನದಲ್ಲಿ ನಿಶ್ಚಿತಾರ್ಥವೂ ಆಗಿಹೋಯಿತು.

ಅವನನ್ನು ನಾನು ಮೊದಲು ಕಂಡದ್ದು ಅವತ್ತೇ ಅಂದುಕೊಂಡಿದ್ದೆ. ಎತ್ತರದ ಆಳು, ಮೆಲು ಮಾತು, ಹಿರಿಯರ ಕಾಲಿಗೆಲ್ಲ ಬೀಳುತ್ತಿದ್ದ. ಊಟಕ್ಕೆ ಕೂತಾಗ ಅವನ ತಾಯಿ ಬಡಿಸುತ್ತಾ ಬಂದು ಪಾಯಸ ಒಂದಿಷ್ಟು ಅವನ ಬಿಳಿ ಅಂಗಿ ಮೇಲೆ ಚೆಲ್ಲಿದಳು. ಅವನು ನಗುತ್ತಲೇ ಅವಳ ಮಣಿಕಟ್ಟು ಹಿಡಿದ. ನಗು ಹಾಗೇ ಇತ್ತು, ಕೈ ಮಾತ್ರ ಬಿಗಿಯುತ್ತಾ ಹೋಯಿತು. ಆ ಮುದುಕಿಯ ಮುಖದ ರಕ್ತ ಇಳಿದುಹೋದದ್ದನ್ನು ಎದುರು ಪಂಕ್ತಿಯಲ್ಲಿದ್ದ ನಾನು ನೋಡಿದೆ. ಅವಳು ಕೈ ಬಿಡಿಸಿಕೊಳ್ಳಲೂ ಇಲ್ಲ, ಕೂಗಲೂ ಇಲ್ಲ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದಳು. ನಾನು ಎಲೆ ಬಿಟ್ಟು ಎದ್ದೆ.

ಮಾರನೆಯ ದಿನವೇ ಕೋರ್ಟಿಗೆ ಹೋಗಿ ಆ ತೀರ್ಪು, ಮಹಜರು ಎರಡರ ನಕಲಿಗೂ ಅರ್ಜಿ ಹಾಕಿದೆ. ಕೇಸಿಗೆ ಸಂಬಂಧವಿಲ್ಲದವರು ಕೇಳಿದರೆ ಯಾಕೆ ಬೇಕೆಂದು ಪ್ರಮಾಣ ಮಾಡಿ ಬರೆದುಕೊಡಬೇಕು. 'ಅಕ್ಕನ ಮಗಳನ್ನು ಕೊಡಬೇಕೆಂದಿದ್ದೇವೆ' ಎಂದು ಬರೆದೆ. ನಕಲು ವಿಭಾಗದ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಹಿಂಗೆ ಯಾರೂ ಬರಿಯಲ್ಲ ಕಣ್ರಿ" ಎಂದು ನಕ್ಕರು. "ಎಲ್ರೂ ಬರೆದಿದ್ರೆ ಭಾಳ ಮಂದಿ ಬದುಕೋರು" ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ, ಆ ಮಾತು ನನಗೇ ಎಷ್ಟು ತಗಲುತ್ತದೆಂದು ಗೊತ್ತಿರಲಿಲ್ಲ.

ಎಂಟು ದಿನಕ್ಕೆ ನಕಲು ಸಿಕ್ಕಿತು. ಅಂಗಡಿಗೆ ಬಂದು, ಶಟರ್ ಅರ್ಧ ಎಳೆದು, ಓದಲು ಕೂತೆ.

ಮೊದಲ ಸಾಕ್ಷಿ ಅವನ ಹೆಂಡತಿ. ಅವಳ ಹೇಳಿಕೆಯನ್ನು ತೀರ್ಪಿನಲ್ಲಿ ಉದ್ದಕ್ಕೆ ಬರೆದಿದ್ದರು. ಅವಳು ತಾಯಿಗೆ ಫೋನ್ ಮಾಡಿದ್ದೇ ತಪ್ಪಾಗಿತ್ತು. ಅವನು ಒಳಗೆ ಬಂದು ಜಡೆ ಹಿಡಿದು ಎಳೆದು ಕೆಡವಿದ. ಹೊಟ್ಟೆಗೆ ಒದ್ದ. ಯಾವ ಕೈಯಲ್ಲಿ ಫೋನ್ ಹಿಡಿದಿದ್ದೆ ಎಂದು ಕೇಳಿದ. ಅವಳು ಹೇಳಲಿಲ್ಲ. ಮತ್ತೆ ಒದ್ದು ಕೇಳಿದ. ಬಲಗೈ ಅಂದಳು. ಟಿಪ್ಪರಿನ ಜಾಕಿ ರಾಡು ತಂದು, ಅವಳ ಬಲಗೈಯನ್ನು ಹೊಸ್ತಿಲ ಮೇಲಿಟ್ಟು, ಮೊಣಕೈಯನ್ನು ಕಾಲಿನಿಂದ ಮೆಟ್ಟಿ ಹಿಡಿದು ಹೊಡೆದ. ಎಷ್ಟು ಏಟು ಎಂದು ವಕೀಲರು ಕೇಳಿದ್ದಕ್ಕೆ, ಮೂರರವರೆಗೆ ಗೊತ್ತು, ಆಮೇಲೆ ಗೊತ್ತಿಲ್ಲ ಎಂದಿದ್ದಳು. ಎಚ್ಚರವಾದಾಗ ಬಾಯಿಗೆ ಬಟ್ಟೆ ತುರುಕಿತ್ತು. ಅವನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ.

ಹಲ್ಕಾ ನನ್ನ ಮಗನೇ, ನಿನ್ನ ಕೈ ಮುರಿಯಾ ಎಂದು ಗಟ್ಟಿಯಾಗೇ ಬೈದೆ. ಎರಡನೇ ಸಾಕ್ಷಿ ಅವಳ ತಾಯಿ. ಹೊಡೆಯುವುದನ್ನು ಅವಳು ಕಂಡಿರಲಿಲ್ಲ, ರಕ್ತದ ವಿಷಯ ಹೇಳಿದ್ದನ್ನು ಹೆತ್ತವಳ ಮಾತೆಂದು ಬದಿಗಿಟ್ಟಿದ್ದರು. ಪುಟ ತಿರುಗಿಸಿದೆ. ಸಾಕ್ಷಿ ನಂಬರ್ ಮೂರು, ಮಹಜರಿನ ಪಂಚ ಎಂದಿತ್ತು. ಪಕ್ಕದಲ್ಲಿ ನನ್ನ ಹೆಸರು. ನಮ್ಮಪ್ಪನ ಹೆಸರು. ವ್ಯಾಪಾರ, ಜೆರಾಕ್ಸ್ ಅಂಗಡಿ.

'ಈ ಸಾಕ್ಷಿಯು ತಾನು ಸ್ಥಳಕ್ಕೆ ಹೋಗಿಲ್ಲವೆಂದೂ, ತನ್ನ ಎದುರಿಗೆ ಯಾವ ರಾಡನ್ನೂ ವಶಪಡಿಸಿಕೊಂಡಿಲ್ಲವೆಂದೂ, ಠಾಣೆಯಲ್ಲಿ ಹೇಳಿದ ಕಡೆ ಸಹಿ ಮಾಡಿರುವುದಾಗಿಯೂ ನುಡಿದಿರುತ್ತಾನೆ.' ನಾಲ್ಕನೇ ಸಾಕ್ಷಿ ಚಾಚಾ, ಅವರದೂ ಅದೇ ಮಾತು. ಅಕ್ಕಪಕ್ಕದ ಮನೆಯವರು ಏನೂ ಕೇಳಿಸಲಿಲ್ಲ ಎಂದಿದ್ದರು. ಜಾರಿಬಿದ್ದರೂ ಇಂಥ ಮೂಳೆಮುರಿತ ಆಗಬಹುದು ಎಂದು ವೈದ್ಯರು ಒಪ್ಪಿಕೊಂಡಿದ್ದರು. ಕೊನೆಗೆ ನ್ಯಾಯಾಧೀಶರು ಬರೆದಿದ್ದರು: ಹೊಸ್ತಿಲ ಮೇಲೆ ರಕ್ತವಿತ್ತು, ಮನೆಯಲ್ಲಿ ರಾಡು ಸಿಕ್ಕಿತು ಎಂಬುದನ್ನು ಹೇಳಲು ಪಂಚರೇ ಇಲ್ಲ, ಗಾಯಾಳುವಿನ ಮಾತೊಂದೇ ಉಳಿಯುತ್ತದೆ, ಆದ್ದರಿಂದ ಸಂಶಯದ ಲಾಭ ಆರೋಪಿಗೆ.

ಮಹಜರಿನ ಹಾಳೆಯ ಪ್ರತಿಯೂ ಜೊತೆಯಲ್ಲಿತ್ತು. 'ಪಂಚರಾದ ನಾವು ಖುದ್ದಾಗಿ ನೋಡಲಾಗಿ, ಹೊಸ್ತಿಲಿನ ಮೇಲೆ ಒಣಗಿದ ರಕ್ತವೂ, ಒಡೆದ ಹಸಿರು ಬಳೆಯ ಚೂರುಗಳೂ ಇರುತ್ತವೆ' ಎಂದು ಬರೆದಿತ್ತು. ಕೆಳಗೆ ನನ್ನ ಸಹಿ. ಬಾಲ ಎಳೆದು, ಚುಕ್ಕೆ ಇಟ್ಟು, ಠೀವಿಯಿಂದ ಹಾಕಿದ ಸಹಿ. ಕೋರ್ಟಿನಲ್ಲಿ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಿಜವಾಗಿಯೂ ನಾನು ಹೋಗಿರಲಿಲ್ಲ. ಹೋಗದೆ ಹಾಕಿದ ಸಹಿಯೇ ಸುಳ್ಳು. ಥೂ ನನ್ನ ಜನ್ಮಕ್ಕೆ.

ಪಕ್ಕದ ಅಂಗಡಿಗೆ ಹೋಗಿ ಚಾಚಾಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಬೀಗ ಕೆಳಗಿಟ್ಟರು.

"ಯಾ ಅಲ್ಲಾ. ಯಾವ ಮನಿ ಅದು?"

ವಿಳಾಸ ಹೇಳಿದೆ. ನಮ್ಮ ಅಂಗಡಿಯಿಂದ ನಡೆದರೆ ಹತ್ತು ನಿಮಿಷದ ದಾರಿ.

"ಹತ್ತು ನಿಮಿಷ," ಅಂದರು ಚಾಚಾ. "ನಾವು ಟೀ ಕುಡಿಯಾಕೆ ಅದಕ್ಕಿಂತ ಜಾಸ್ತಿ ತಗಂಡೀವಿ ಭಾಯ್."

ಫೋನಿನಲ್ಲಿ ಹೇಳುವ ಮಾತಲ್ಲ. ಭಾನುವಾರ ದಾವಣಗೆರೆಗೆ ಅಕ್ಕನ ಮನೆಗೆ ಹೋದೆ. ನನ್ನ ಗ್ರಹಚಾರ, ಅವತ್ತೇ ಅವನೂ ಅವನ ಸೋದರಮಾವನೂ ಮದುವೆ ಕಾರ್ಡಿನ ಮಾತಾಡಲು ಬಂದು ಕೂತಿದ್ದರು. ಒಳ್ಳೆಯದೇ ಆಯಿತು, ಮುಖಕ್ಕೇ ಹೇಳಿಬಿಡೋಣ ಅಂದುಕೊಂಡೆ. ಕಾಗದ ತೆಗೆದು, ನಿಂತೇ ಓದಿದೆ. ರಾಡಿನ ವಿಷಯ ಬಂದಾಗ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಮಗಳು ಅಡಿಗೆಮನೆ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

ಅವನು ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ ಕೂತು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಕೇಳಿದ, "ಕೊನೀಗೆ ಏನು ಬರದಾರೆ ಅದನ್ನೂ ಓದ್ರಿ ಮಾಮ."

"ಖುಲಾಸೆ ಅಂತ ಬರದಾರೆ. ಯಾಕ ಗೊತ್ತೇನು? ನನ್ನಿಂದ! ಆ ಪಂಚ ನಾನೇ. ನಾನು ನೋಡದೆ ಸಹಿ ಹಾಕಿದೆ, ಅದಕ್ಕೆ ನೀನು ಬಚಾವಾದಿ!"

"ಅಂದ್ರೆ ನೀವು ಏನೂ ನೋಡಿಲ್ಲ," ಅಂದ. "ಕೋರ್ಟಿನಾಗೂ ಹಂಗೇ ಹೇಳೀರಿ. ನೋಡದೇ ಇರೋರು ಇವತ್ತು ಹೆಂಗೆ ಹೇಳ್ತೀರಿ?"

ಭಾವ ನನ್ನ ಕಡೆ ತಿರುಗಿ, "ನೀನೇ ಫೋನ್ ಮಾಡಿ ಏನಿಲ್ಲ ಅಂದಿ. ಈಗ ಬಂದು ಹಿಂಗಂತೀ. ನಿನ್ನ ಯಾವ ಮಾತು ನಂಬೋಣ?" ಅಂದರು. ಅವನ ಸೋದರಮಾವ, ಆ ಹೆಂಗಸಿಗೆ ತಲೆ ಸರಿ ಇರಲಿಲ್ಲ, ಜಾರಿಬಿದ್ದು ನಮ್ಮ ಹುಡುಗನ ಮೇಲೆ ಹಾಕಿದಳು ಎಂದು ಶುರುಮಾಡಿದ. ನಾನು ಗಂಟಲು ಹರಿದುಕೊಂಡೆ. ಭಾವ ನನ್ನನ್ನು ಕೂಡಿಸಿದರು. ಟೀ ಬಂತು.

ಟೀ ಮುಗಿದ ಮೇಲೆ ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ. ಅವನೂ ಹಿಂದೆ ಬಂದ. ನಲ್ಲಿ ತಿರುಗಿಸಿ ಕೈ ತೊಳೆಯುತ್ತಾ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದ.

"ಅವತ್ತು ಭಾಳ ಉಪಕಾರ ಮಾಡಿದ್ರಿ ಮಾಮ, ಮರೆತಿಲ್ಲ. ಇನ್ನು ಮ್ಯಾಲೆ ಮನಿಯವ್ರೇ ಆದ್ರಿ. ಮುಂದೆ ಪಂಚರು ಬೇಕಾದ್ರೆ ಹೊರಗಿನವರನ್ನ ಯಾಕ ಹುಡುಕೋದು?"

ಹೇಳಿ ನಕ್ಕ. ಪಾಯಸ ಚೆಲ್ಲಿದಾಗ ನಕ್ಕ ನಗುವೇ.

ನಲ್ಲಿ ಕೆಳಗೆ ತುಂಬಿದ ಸ್ಟೀಲ್ ಚೊಂಬಿತ್ತು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ಹುಬ್ಬಿನ ಮೇಲೆ ಬಿತ್ತು ಮೊದಲ ಏಟು. ಚರ್ಮ ಸೀಳಿ ಬಿಳಿ ಕಂಡಿತು, ಆಮೇಲೆ ರಕ್ತ ಸುರಿಯಿತು. ಎರಡನೆಯದು ಬಾಯಿಗೆ. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದ. ಬಿದ್ದವನ ಎದೆ ಮೇಲೆ ಮೊಣಕಾಲೂರಿ ಹೊಡೆದೆ. ಸಿಟ್ಟು ನೆತ್ತಿಗೇರಿತ್ತು, ಕಿವಿಯಲ್ಲಿ ಏನೂ ಕೇಳುತ್ತಿರಲಿಲ್ಲ. ಸತ್ಯ ಹೇಳುತ್ತೇನೆ, ಖುಷಿಯಾಗುತ್ತಿತ್ತು. ಮೂರು ಏಟಿನ ಮೇಲೆ ಎಷ್ಟು ಹೊಡೆದೆನೋ ನನಗೂ ಗೊತ್ತಿಲ್ಲ. ಅವನು ಒಮ್ಮೆಯೂ ಕೈ ಎತ್ತಲಿಲ್ಲ. ಎತ್ತಬಾರದೆಂದು ಅವನಿಗೆ ಗೊತ್ತಿತ್ತು. ಎಲ್ಲರೂ ಓಡಿಬಂದಾಗ ಅವನು ರಕ್ತದ ಬಾಯಲ್ಲೇ ಕೈ ಮುಗಿದು, "ಬಿಡ್ರಿ, ದೊಡ್ಡೋರು, ಸಿಟ್ಟಿನಾಗ ಹೊಡದಾರೆ" ಅನ್ನುತ್ತಿದ್ದ.

ಭಾವ ನನ್ನ ಅಂಗಿ ಕೊರಳು ಹಿಡಿದು ಎತ್ತಿ ಗೋಡೆಗೆ ಅಪ್ಪಳಿಸಿದರು. "ನೋಡ್ರೇ ಎಲ್ಲಾರೂ! ಯಾರು ಹೊಡಿಯೋರು, ಯಾರು ಹೊಡಿಸ್ಕಳ್ಳೋರು, ಈಗ ಗೊತ್ತಾತಲ್ಲ?" ಅಕ್ಕನ ಮಗಳು ಔಷಧದ ಡಬ್ಬಿ ತಂದು, ಅವನ ಹುಬ್ಬಿಗೆ ಹತ್ತಿ ಒತ್ತಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. ಅಯ್ಯೋ ಶಿವನೇ, ಅವಳನ್ನು ಬಿಡಿಸಲು ಬಂದವನು ಅವಳ ಕೈಯಾರೆ ಅವನ ಉಪಚಾರ ಮಾಡಿಸಿದೆನಲ್ಲ.

ಅವರು ಬಿಡುವ ಪೈಕಿಯೇ? ಹುಬ್ಬಿಗೆ ಏಳು ಹೊಲಿಗೆ ಹಾಕಿಸಿಕೊಂಡು ದಾವಣಗೆರೆಯಲ್ಲಿ ನನ್ನ ಮೇಲೆ ದೂರು ಕೊಟ್ಟರು. ಒಂದು ದಿನ ಠಾಣೆ ಬೆಂಚಿನ ಮೇಲೆ ಕೂತು, ಆಮೇಲೆ ಜಾಮೀನು. ಚೊಂಬು ವಶಪಡಿಸಿಕೊಂಡ ಮಹಜರಿಗೆ ಸಹಿ ಹಾಕಿದ ಇಬ್ಬರನ್ನು ನಾನು ಅಕ್ಕನ ಬೀದಿಯಲ್ಲಿ ಎಂದೂ ಕಂಡಿಲ್ಲ. ನನ್ನ ವಕೀಲರು ಬೆನ್ನು ತಟ್ಟಿ, "ತಲೆ ಕೆಡಿಸ್ಕಬ್ಯಾಡ್ರಿ, ಪಂಚರು ಹೆಂಗೂ ಹಾಸ್ಟೈಲ್ ಆಗ್ತಾರೆ, ನಿಮ್ದೂ ಖುಲಾಸೆ" ಎಂದು ಧೈರ್ಯ ಹೇಳಿದರು. ಬೇಡ ಸ್ವಾಮಿ, ಹೊಡೆದಿದ್ದೇನೆ, ಹೊಡೆದೆ ಅಂತಲೇ ಹೇಳುತ್ತೇನೆ ಅಂದೆ. ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಈಗ ಜಿಲ್ಲೆಯ ಯಾವ ಮೂಲೆಯಿಂದ ಬೇಕಾದರೂ ನನ್ನ ಹೆಸರು ಹಾಕಿ ಹುಡುಕಿ, ಕೇಸು ಬಾಕಿ ಎಂದು ಬರುತ್ತದೆ. ಅವನ ಹೆಸರಿನ ಮುಂದೆ ಖುಲಾಸೆ ಎಂದು ಬರುತ್ತದೆ.

ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಮದುವೆ ಇನ್ನೂ ಬೇಗ ಮುಗಿಸಿಬಿಡೋಣ ಎಂದು ಭಾವ ಓಡಾಡುತ್ತಿದ್ದಾರೆಂದು ಗೊತ್ತಾಯಿತು. ನಾನು ಊಟ ಬಿಟ್ಟೆ, ಅಂಗಡಿಯಲ್ಲಿ ಕೂತವರ ಮೇಲೆಲ್ಲ ಎಗರಾಡಿದೆ. ಹೆಂಡತಿ ತಡೆಯಲಾರದೆ, "ಕೂಗಾಡಿದ್ರೆ ಆ ಹುಡುಗಿ ಉಳಿತಾಳೇನು?" ಎಂದು ಕೇಳಿ ತಟ್ಟೆ ಎತ್ತಿಕೊಂಡು ಹೋದಳು.

ಒಂದು ಬುಧವಾರ ಮಧ್ಯಾಹ್ನ ಅಕ್ಕನ ಮಗಳು ಅಂಗಡಿ ಮುಂದೆ ಬಂದು ನಿಂತಳು. ಡ್ಯೂಟಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬಂದಿದ್ದಳು.

"ಆ ಕಾಗದ ಕೊಡು."

"ಹೇಳ್ತೀನಿ ಕೂಡವ್ವ, ಅವತ್ತು ಹಿತ್ತಲಾಗ ಅವನು ಏನಂದ ಅಂದ್ರೆ..."

"ನೀನು ಹೇಳೋದು ಬ್ಯಾಡ ಮಾಮ. ಕಾಗದ ಕೊಡು."

ಕೊಟ್ಟೆ. ಸ್ಟೂಲಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಓದಿದಳು. ಮೊದಲ ಸಾಕ್ಷಿಯ ಹೇಳಿಕೆಯನ್ನು ಎರಡು ಸಲ ಓದಿದಳು. "ಇವಳೊಬ್ಬಳೇ ಕೊನೀ ತನಕ ಒಂದೇ ಮಾತು ಹೇಳ್ಯಾಳೆ. ಎಲ್ಲಿದಾಳೆ ಈಗ?" ಎಂದು ಕೇಳಿದಳು. ತೀರ್ಪಿನಲ್ಲಿ ತವರಿನ ಊರು ಕೊಕ್ಕನೂರು ಎಂದಿತ್ತು. "ಗಾಡಿ ತೆಗಿ," ಅಂದಳು.

ಕೊಕ್ಕನೂರಿನಲ್ಲಿ ಕೇಳಿದ ಮೊದಲ ಮನೆಯವರೇ ದಾರಿ ತೋರಿಸಿದರು. ಆ ಹೆಂಗಸು ತಾಯಿಯ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಬೆಲ್ಟಿನ ಸದ್ದಿಗೆ ನಮ್ಮ ಮಾತು ಕೇಳಿಸಲಿಲ್ಲ. ಮೋಟರ್ ನಿಲ್ಲಿಸಿ, ಮೈಮೇಲಿನ ಜೋಳದ ಹಿಟ್ಟು ಕೊಡವಿಕೊಂಡು ಹೊರಗೆ ಬಂದಳು. ಚೀಲ ಎತ್ತುವುದು, ಸ್ವಿಚ್ ಹಾಕುವುದು ಎಲ್ಲಾ ಎಡಗೈ. ಬಲಗೈ ಮಣಿಕಟ್ಟಿನ ಹತ್ತಿರ ಹೊರಕ್ಕೆ ತಿರುಗಿ ನಿಂತುಬಿಟ್ಟಿತ್ತು.

ನಾನು ಯಾರೆಂದು ಹೇಳಿದೆ.

"ಪಂಚರು ನೀವೇನು? ಮುಖ ಗುರ್ತು ಹತ್ತಲಿಲ್ಲ. ಅವತ್ತು ಕೋರ್ಟಿನಾಗ ನೀವು ಒಂದ್ಸಲನೂ ನನ್ನ ಕಡೆ ತಿರುಗಲಿಲ್ಲ ನೋಡ್ರಿ."

"ತಪ್ಪಾತವ್ವ," ಅಂದೆ. ಅಷ್ಟು ದೂರ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಅದೊಂದೇ.

"ನಮ್ಮವ್ವ ಮೂರು ದಿನ ಆ ಹೊಸ್ತಿಲು ತೊಳೀಲಿಲ್ಲ," ಅಂದಳು. ದನಿ ಏರಿಸಲಿಲ್ಲ. "ನಾನು ಆಸ್ಪತ್ರೆಯಾಗಿದ್ದೆ, ಅವನನ್ನ ಠಾಣೆಗೆ ಒಯ್ದಿದ್ರು. ಪಂಚರು ಬರ್ತಾರೆ, ಅವರು ನೋಡೋ ತನಕ ಒರೆಸಬಾರದು ಅಂತ ಯಾರೋ ಹೇಳಿದ್ರಂತೆ. ನೊಣ ಮುಕುರ್ತಿದ್ವಂತೆ. ಈಕಿ ಕೂತು ಅವನ್ನ ಹೊಡೀತಾ ಕಾದಾಳೆ. ಕಾಗದಕ್ಕೆ ಸಹಿ ಆಗೈತೆ, ಇನ್ಯಾರೂ ಬರಲ್ಲ ಅಂತ ನಾಲ್ಕನೇ ದಿನ ಗೊತ್ತಾದ ಮ್ಯಾಲೆ ತೊಳದ್ಲು. ನೀವು ನಮಗೋಸ್ಕರ ಸುಳ್ಳು ಹೇಳೋದು ಬ್ಯಾಡಾಗಿತ್ತು ಅಣ್ಣಾರ. ಬಂದು ನೋಡಿದ್ರೆ ಸಾಕಿತ್ತು."

ಒಳಗಿದ್ದ ಅವಳ ತಾಯಿ ನನ್ನ ಮುಖ ನೋಡಲೂ ಹೊರಗೆ ಬರಲಿಲ್ಲ. ಅಳು ಬಂತು ನನಗೆ, ಅತ್ತೆ. ಆ ಹೆಂಗಸು ಸಮಾಧಾನ ಮಾಡಲಿಲ್ಲ, ಯಾಕೆ ಮಾಡಬೇಕು?

ಅಕ್ಕನ ಮಗಳು ಮುಂದೆ ಹೋಗಿ ಆ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ದಿನವೂ ನೂರು ಕೈ ಹಿಡಿದು ನರ ಹುಡುಕುವ ಬೆರಳುಗಳು ಅವು. ಮಣಿಕಟ್ಟಿನ ಮೂಳೆ ಮುಟ್ಟುತ್ತಾ ಮೇಲಕ್ಕೆ ಹೋಗಿ ಒಂದು ಕಡೆ ನಿಂತಳು. "ಬಿದ್ರೆ ಇಲ್ಲಿ ಮುರಿಯಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ, "ಅಕ್ಕ, ನನ್ನ ಮದುವಿ ಅವನ ಜೊತಿಗೇ ಗೊತ್ತಾಗಿರೋದು," ಅಂದಳು.

ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ನೀವು ಆ ಕಡೆ ಕಟ್ಟಿ ಮ್ಯಾಲೆ ಕೂಡ್ರಿ," ಅಂದಳು. ಬಾಗಿಲು ಹಾಕಿಕೊಂಡರು.

ಒಂದು ಗಂಟೆ ಕೂತೆ. ಜೋಳ ಬೀಸಿಸಲು ಬಂದವರು ಗಿರಣಿ ಬಾಗಿಲು ಹಾಕಿದ್ದು ನೋಡಿ ನನ್ನನ್ನೇ ಏನೆಂದು ಕೇಳಿ, ಚೀಲ ಸಾಲಾಗಿ ಇಟ್ಟು ಹೋದರು. ಅಕ್ಕನ ಮಗಳು ಹೊರಗೆ ಬಂದಾಗ ಮುಖ ಸುಣ್ಣದಂತಾಗಿತ್ತು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು.

"ಅವ್ವ, ಈ ಮದುವಿ ಬ್ಯಾಡ. ಕಾರ್ಡ್ ಹಂಚಿದ್ರೆ ಹಂಚ್ಲಿ. ಅಪ್ಪಗೆ ಹೇಳು. ಮಾಮ ಹೇಳಿದ್ದಕ್ಕಲ್ಲ. ನಾನು ಬಂದು ನೋಡ್ದೆ."

ಆ ಕಡೆ ಅಕ್ಕ ಅರಚುತ್ತಿದ್ದದ್ದು ನನಗೂ ಕೇಳಿಸಿತು. ಇವಳು ಪೂರ್ತಿ ಕೇಳಿಸಿಕೊಂಡು, ಬ್ಯಾಡ ಅಂದ್ರೆ ಬ್ಯಾಡ ಎಂದು ಇನ್ನೊಮ್ಮೆ ಹೇಳಿ ಫೋನ್ ಇಟ್ಟಳು. ನನಗೆ ಜೀವ ಬಂದಂತಾಯಿತು. ಬೈಕ್ ಓಡಿಸುತ್ತಾ ಬಾಯಿ ನಿಲ್ಲಲಿಲ್ಲ. ನಿಮ್ಮಪ್ಪನನ್ನು ನಾನು ನೋಡಿಕೊಳ್ಳುತ್ತೇನೆ, ಆ ಟಿಪ್ಪರಿನವನು ಬಾಗಿಲಿಗೆ ಬಂದರೆ ಕಾಲು ಮುರಿಯುತ್ತೇನೆ, ನೀನು ಬದುಕಿಕೊಂಡೆ, ಅಷ್ಟು ಸಾಕು ಎಂದು ಏನೇನೋ ಹೇಳುತ್ತಿದ್ದೆ. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ಹಿಂದೆ ಕೂತಿದ್ದಳು. ಹರಿಹರ ಹತ್ತಿರ ಬಂದಾಗ ಮಾತಾಡಿದಳು.

"ಮಾಮ, ಒಂದು ಕೇಳ್ತೀನಿ. ಹುಡುಗಿ ನಾನಲ್ಲದೆ ಬೇರೆ ಯಾರೋ ಆಗಿದ್ರೆ, ನೀನು ಆ ಕಾಗದ ತರಿಸಿ ಓದ್ತಿದ್ದೇನು?"

ಹೂಂ ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಅವನ ಹೆಸರು ಹುಡುಕಿದ ದಿನ ನನ್ನ ಅಂಗಡಿ ಮುಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಹೆಣ್ಣು ಕೊಡುವವರು ಇನ್ನೂ ಇಬ್ಬರಿದ್ದರು. ಅವರಿಗೂ ಅರ್ಧ ನಿಮಿಷದಲ್ಲಿ ಹೇಳಿ ಕಳಿಸಿದ್ದೆ.

"ಇಲ್ಲ," ಅಂದೆ.

ಅವಳು ಹೆಗಲ ಮೇಲಿನ ಕೈ ತೆಗೆದಳು.

"ಬಸ್ ಸ್ಟ್ಯಾಂಡ್ ಹತ್ರ ನಿಲ್ಸು. ನಾನು ಬಸ್ಸಿಗೆ ಹೋಗ್ತೀನಿ."